ಹುಡುಕುವವರು, ಸಿಕ್ಕವರು

"ಗುರುಗಳೇ, ಒಂದೊಂದು ಸಾಲನ್ನೂ ನೋಡಿದ್ದೇನೆ. ಎಲ್ಲ ಸರಿಯಾಗಿದೆ. ಆದರೂ ಕೇಳಿದ್ದು ಸಿಗುವುದಿಲ್ಲ. ಹಾಗಾದರೆ ತಪ್ಪು ಇರುವುದೆಲ್ಲಿ?"

ಹೀಗೆ ಕೇಳಿದವನು ನಿಜಗುಣ. ಅವನು ಕುಬೇರಪ್ಪ ಮಾಸ್ತರರ ಬಳಿ ಡೇಟಾಬೇಸ್ ಕಟ್ಟುವ ಮತ್ತು ಕಾಯುವ ವಿದ್ಯೆ ಕಲಿಯುತ್ತಿದ್ದ. ಮಾಸ್ತರರು ಅವನ ಕೈಗೆ ಒಂದು ಹಳೆಯ ಡೇಟಾಬೇಸ್ ಕೊಟ್ಟು, ಇದಕ್ಕೇನು ರೋಗ, ಕಂಡುಹಿಡಿ ಎಂದಿದ್ದರು. ಅವನು ಅನ್ನ ನೀರು ಮರೆತು ಅದರೊಳಗಿನ ಹೆಸರು, ವಿಳಾಸ, ತಾರೀಖುಗಳನ್ನೆಲ್ಲ ಓದಿ ಸೋತು ಬಂದಿದ್ದ.

"ಊರಿನ ಎಲ್ಲ ಮನೆಗಳ ಒಳಗೆ ಇಣುಕಿ ಬಂದಿದ್ದೀ," ಎಂದರು ಮಾಸ್ತರರು. "ಮನೆಯಿಂದ ಮನೆಗೆ ದಾರಿ ಇದೆಯೇ ಎಂದು ನೋಡಿದೆಯಾ?"

ನಿಜಗುಣನಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ತಲೆಯಾಡಿಸುವ ಜಾತಿಯವನಲ್ಲ ಅವನು. ಅದು ಮಾಸ್ತರರಿಗೆ ಇಷ್ಟವಾಗುತ್ತಿತ್ತು. ಅವರು ಕತೆ ಹೇಳಿದರು.

ಒಂದು ದೊಡ್ಡ ಹೊಳೆ ಇತ್ತು. ಒಂದು ವರ್ಷ ಅದು ದಡ ಮೀರಿ ಬಂತು. ದಂಡೆಯ ಊರುಗಳ ಜನ ಸಿಕ್ಕ ದೋಣಿ ಹತ್ತಿದರು, ಸಿಕ್ಕ ಲಾರಿ ಹತ್ತಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ತಾಯಿ ಒಂದು ಶಿಬಿರದಲ್ಲಿ, ಮಗ ಇನ್ನೊಂದು ಶಿಬಿರದಲ್ಲಿ. ನೀರು ಇಳಿದ ಮೇಲೂ ಜನ ಕೂಡಲಿಲ್ಲ. ಊರಿದ್ದ ಜಾಗದಲ್ಲಿ ಹೂಳು ನಿಂತಿತ್ತು. ಮರಳಿ ಬರೋಣವೆಂದರೆ ಬರುವುದಕ್ಕೆ ಊರೇ ಉಳಿದಿರಲಿಲ್ಲ.

ಕೆಲವು ಸಜ್ಜನರು ಸೇರಿ ಪಟ್ಟಣದಲ್ಲಿ ಒಂದು ಮನೆ ತೆರೆದರು. ಅಗಲಿದವರನ್ನು ಕೂಡಿಸುವುದೇ ಆ ಮನೆಯ ಕೆಲಸ. ಒಬ್ಬ ಜಾಣನನ್ನು ಕರೆಸಿ ಅದಕ್ಕೊಂದು ಡೇಟಾಬೇಸ್ ಕಟ್ಟಿಸಿದರು. ಜಾಣನಿಗೆ ಅವಸರವಿತ್ತು. ಜಾಣರಿಗೆ ಅವಸರ ಇದ್ದೇ ಇರುತ್ತದೆ. ಲೋಕದಲ್ಲಿರುವುದು ಎರಡೇ ಬಗೆಯ ಜನ, ಕಳೆದುಹೋಗಿ ಸಿಕ್ಕವರು ಮತ್ತು ಅಂಥವರನ್ನು ಹುಡುಕುವವರು, ಎಂದು ಅವನು ಲೆಕ್ಕ ಹಾಕಿದ. ಎರಡು ಟೇಬಲ್, ಎಂದರೆ ಎರಡು ಪಟ್ಟಿ, ಮಾಡಿದ. ಒಂದರ ಹೆಸರು ಸಿಕ್ಕವರು, ಇನ್ನೊಂದರ ಹೆಸರು ಹುಡುಕುವವರು. ಇವೆರಡಕ್ಕೂ ಆಮೇಲೆ ಕೊಂಡಿ ಹಾಕಿದರಾಯಿತು ಎಂದುಕೊಂಡು ಹೊರಟುಹೋದ. ಆ ಆಮೇಲೆ ಬರಲೇ ಇಲ್ಲ.

ಮನೆಯೂ ಹಾಗೆಯೇ ಎರಡು ಭಾಗವಾಯಿತು. ಶಿಬಿರಗಳಿಂದ ಬಂದ ಜನರನ್ನು ಹಿಂಬಾಗಿಲಲ್ಲಿ ಇಳಿಸಿಕೊಂಡು ಸಿಕ್ಕವರ ಟೇಬಲಿಗೆ ಸೇರಿಸುತ್ತಿದ್ದರು. ಹುಡುಕಿಕೊಂಡು ಬಂದವರು ಮುಂದಿನ ಕಿಟಕಿಗೆ ಬರುತ್ತಿದ್ದರು. ಕಿಟಕಿಯಲ್ಲಿ ಕೂತವನು ಸಿಕ್ಕವರ ಟೇಬಲಿನಲ್ಲಿ ನೋಡುತ್ತಿದ್ದ. ಇದ್ದರೆ ಸಂತೋಷ. ಇಲ್ಲದಿದ್ದರೆ ಬಂದವರ ಹೆಸರು, ಅವರು ಯಾರನ್ನು ಹುಡುಕುತ್ತಿದ್ದಾರೆ ಎಂಬುದನ್ನು ಇನ್ನೊಂದು ಟೇಬಲಿಗೆ ಹಾಕಿ, ಹೋಗಿ ಬನ್ನಿ ಎನ್ನುತ್ತಿದ್ದ. ಹಾಗೆ ಹಾಕಿದ್ದನ್ನು ಮತ್ತೆ ಯಾರೂ ತೆರೆದು ನೋಡುತ್ತಿರಲಿಲ್ಲ. ಹುಡುಕುವವರನ್ನು ಹುಡುಕಿ ಏನಾಗಬೇಕು?

ಆ ಕಿಟಕಿಗೆ ಒಬ್ಬ ಹುಡುಗಿ ಬಂದಳು. ಅವಳಿಗೆ ತಂದೆ ತಾಯಿ ಇರಲಿಲ್ಲ. ಇದ್ದವಳು ಅಕ್ಕ ಒಬ್ಬಳೇ. ತಾಯಿ ಸತ್ತ ಮೇಲೆ ತಲೆ ಬಾಚಿ, ಉಣಿಸಿ, ಬೈದು, ಓದಿಸಿ ಸಾಕಿದವಳು ಅಕ್ಕ. ನೀರು ಬಂದ ದಿನ ತಂಗಿಯನ್ನು ದೋಣಿಗೆ ಹತ್ತಿಸಿದ ಅಕ್ಕ, ಕರುವಿನ ಕಣ್ಣಿ ಬಿಚ್ಚಿ ಬರುತ್ತೇನೆಂದು ಮನೆಗೆ ಓಡಿದಳು. ದೋಣಿಯವನು ಕಾಯಲಿಲ್ಲ. ಕಾಯುವಂತೆಯೂ ಇರಲಿಲ್ಲ.

ತಂಗಿ ತನ್ನ ಹೆಸರು ಹೇಳಿದಳು, ಅಕ್ಕನ ಹೆಸರು ಹೇಳಿದಳು. ಕಿಟಕಿಯವನು ನೋಡಿ, ಇಲ್ಲ ಎಂದ. ಅವಳು ಮತ್ತೆ ಬಂದಳು. ಇಲ್ಲ ಎಂದ. ಬಂದು ಬಂದು ಅವಳ ಚಪ್ಪಲಿ ಸವೆಯಿತು, ಅವನ ಸಂಕೋಚವೂ ಸವೆಯಿತು. ಕೊನೆಗೆ ಅವಳೊಂದು ನಿರ್ಧಾರ ಮಾಡಿದಳು. ಕಂಪ್ಯೂಟರ್ ಕಲಿತಳು, ಡೇಟಾಬೇಸ್ ನೋಡಿಕೊಳ್ಳುವುದನ್ನು ಕಲಿತಳು. ಅದೇ ಮನೆಯಲ್ಲಿ, ಸಿಕ್ಕವರ ಟೇಬಲ್ ಕಾಯುವ ಕೆಲಸಕ್ಕೆ ಸೇರಿಕೊಂಡಳು. ಹಸಿದವಳು ಅಡುಗೆಮನೆಯಲ್ಲೇ ಕೆಲಸ ಹಿಡಿದ ಹಾಗೆ. ಅಕ್ಕ ಬಂದರೆ ಈ ಬಾಗಿಲಿನಿಂದಲೇ ತಾನೇ ಬರಬೇಕು?

ದಿನ ಬೆಳಗಾದರೆ ಅವಳ ಮೊದಲ ಪ್ರಶ್ನೆ ಒಂದೇ. ಸಿಕ್ಕವರಲ್ಲಿ ಅಕ್ಕನ ಹೆಸರಿನವಳು, ನಮ್ಮೂರಿನವಳು ಇದ್ದಾಳೆಯೇ? ಉತ್ತರ ಖಾಲಿ. ನಿಜಗುಣ, ಖಾಲಿ ಉತ್ತರ ಎಂಥದೆಂದು ನಿನಗೆ ಗೊತ್ತು. ಅದು ಸತ್ತಿದ್ದಾಳೆ ಎನ್ನುವುದಿಲ್ಲ, ಬದುಕಿದ್ದಾಳೆ ಎನ್ನುವುದಿಲ್ಲ. ಅಲ್ಲಿ ಏನೂ ಇರುವುದಿಲ್ಲ, ಅಷ್ಟೆ. ಸತ್ತ ಸುದ್ದಿ ಬಂದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೋ ಏನೋ. ಖಾಲಿ ಉತ್ತರದ ಮುಂದೆ ಅಳುವುದಾದರೂ ಹೇಗೆ?

ಬರೆದವರ ಕೈ ತಪ್ಪಿರಬೇಕು ಎಂದುಕೊಂಡಳು. ಅದು ಸುಳ್ಳೂ ಆಗಿರಲಿಲ್ಲ. ಒಬ್ಬೊಬ್ಬ ಗುಮಾಸ್ತ ಊರಿನ ಹೆಸರನ್ನು ಒಂದೊಂದು ಬಗೆಯಲ್ಲಿ ಬರೆದಿದ್ದ. ಅವಳು ಎಲ್ಲವನ್ನೂ ತಿದ್ದಿದಳು. ಎರಡು ಸಲ ಸೇರಿದವರನ್ನು ಒಂದು ಮಾಡಿದಳು. ವಯಸ್ಸು ಇಲ್ಲದ ಕಡೆ ಶಿಬಿರಕ್ಕೆ ಕೇಳಿ ವಯಸ್ಸು ತುಂಬಿದಳು. ಆ ಟೇಬಲ್ ತೊಳೆದಿಟ್ಟ ತಾಮ್ರದ ಕೊಡ ಆಯಿತು. ಅವಳು ತಿದ್ದಿದ್ದರಿಂದ ಎಷ್ಟೋ ಜನ ಸಿಕ್ಕರು. ಕಿಟಕಿಯ ಆಚೆಯಿಂದ ಯಾರೋ ಯಾರನ್ನೋ ತಬ್ಬಿಕೊಂಡು ಅಳುವ ಸದ್ದು ಅವಳಿಗೆ ಒಳಗೆ ಕೇಳುತ್ತಿತ್ತು. ಅವಳಿಗೆ ಸಂತೋಷವಾಗುತ್ತಿತ್ತು. ಹೊಟ್ಟೆಕಿಚ್ಚೂ ಆಗುತ್ತಿತ್ತು. ಮುಚ್ಚುಮರೆ ಏಕೆ, ಹೊಟ್ಟೆಕಿಚ್ಚೇ ಹೆಚ್ಚು ಆಗುತ್ತಿತ್ತು. ಮರುದಿನ ಬೆಳಗ್ಗೆ ಮತ್ತೆ ಅದೇ ಪ್ರಶ್ನೆ, ಅದೇ ಖಾಲಿ.

ವರ್ಷಗಳು ಹೋದವು. ತಂಗಿಯ ತಲೆಯಲ್ಲಿ ಬಿಳಿಗೂದಲು ಇಣುಕಿತು. ಮದುವೆಗೆ ಕೇಳಿ ಬಂದವರಿಗೆ, ಅಕ್ಕ ಬರಲಿ ಎಂದಳು. ಕೇಳುವವರು ಕೇಳುವುದನ್ನು ಬಿಟ್ಟರು. ಎರಡರಲ್ಲಿ ಒಂದು ನಿಜ ಎಂದು ಅವಳಿಗೆ ಗೊತ್ತಿತ್ತು. ಅಕ್ಕ ಇಲ್ಲ, ಇಲ್ಲವೇ ತನ್ನ ತಿದ್ದುವಿಕೆ ಸಾಲದು. ಮೊದಲನೆಯದನ್ನು ನಂಬುವ ಶಕ್ತಿ ಅವಳಲ್ಲಿ ಇರಲಿಲ್ಲ. ಆದ್ದರಿಂದ ತಿದ್ದುತ್ತಲೇ ಹೋದಳು.

ಒಂದು ದಿನ ಮನೆಯ ಹಿರಿಯರು ಅವಳನ್ನು ಕರೆದರು. ಯಂತ್ರ ಹಳೆಯದಾಯಿತು, ಎಲ್ಲವನ್ನೂ ಹೊಸದಕ್ಕೆ ಸಾಗಿಸಬೇಕು, ಒಳಗೆ ಏನೇನಿದೆ, ಯಾವುದು ಯಾವುದಕ್ಕೆ ಕಟ್ಟಿದೆ ಹೇಳು ಎಂದರು. ಅವಳಿಗೆ ಸಿಟ್ಟು ಬಂತು. ಇದರಲ್ಲಿ ಹೋಗುವ ಹೊತ್ತಿನಲ್ಲಿ ಇನ್ನಷ್ಟು ಹೆಸರು ತಿದ್ದಬಹುದಿತ್ತು. ಕಟ್ಟಿದ ಜಾಣ ಯಾವ ದೇಶದಲ್ಲಿದ್ದನೋ, ಒಂದು ಮಾತೂ ಹೇಳಿಟ್ಟು ಹೋಗಿರಲಿಲ್ಲ. ಯಾರನ್ನು ಕೇಳುವುದು?

ಕೇಳಬೇಕಾದದ್ದು ಡೇಟಾಬೇಸನ್ನೇ. ಅದು ತನ್ನೊಳಗಿನ ಜನರ ವಿಷಯವನ್ನು ಮಾತ್ರ ಇಟ್ಟುಕೊಂಡಿರುವುದಿಲ್ಲ, ತನ್ನ ಮೈಯ ವಿಷಯವನ್ನೂ ಇಟ್ಟುಕೊಂಡಿರುತ್ತದೆ. ನನ್ನಲ್ಲಿ ಯಾವ ಯಾವ ಟೇಬಲ್ ಇವೆ, ಒಂದೊಂದರಲ್ಲಿ ಯಾವ ಕಾಲಂ ಇವೆ, ಒಂದು ಸಾಲನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವ ಕೀ ಯಾವುದಕ್ಕೆ ಇದೆ, ಯಾವುದರಿಂದ ಯಾವುದಕ್ಕೆ ಕೊಂಡಿ ಇದೆ, ಎಲ್ಲವೂ ಅದಕ್ಕೆ ಗೊತ್ತು. ಈ ವಿವರಕ್ಕೆ ಕ್ಯಾಟಲಾಗ್ ಎನ್ನುತ್ತಾರೆ. ಜನರನ್ನು ಹುಡುಕುವ ಭಾಷೆಯಲ್ಲೇ ಅದನ್ನೂ ಪ್ರಶ್ನೆ ಕೇಳಬಹುದು. ತಂಗಿ ಇದನ್ನು ಕಲಿಯುವಾಗಲೇ ಓದಿದ್ದಳು. ಅದರಲ್ಲಿ ಅಕ್ಕನ ಹೆಸರು ಇರುವುದಿಲ್ಲವಲ್ಲ ಎಂದು ಅತ್ತ ತಲೆ ಹಾಕಿರಲಿಲ್ಲ.

ಈಗ ಗೊಣಗುತ್ತಲೇ ಕೇಳಿದಳು. ಕೀ ಇಲ್ಲದ ಟೇಬಲ್ ಯಾವುವು? ಕಂಬಳಿ ಹಂಚಿದ ಟೇಬಲಿಗೆ ಕೀ ಇರಲಿಲ್ಲ. ಒಬ್ಬನೇ ಎಷ್ಟು ಸಲ ಕಂಬಳಿ ಒಯ್ದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಎಲ್ಲ ಕಾಲಮ್ಮುಗಳನ್ನೂ ಖಾಲಿ ಬಿಡಬಹುದಾದ ಟೇಬಲ್ ಯಾವುದು? ತಾತ್ಕಾಲಿಕ ಎಂಬ ಹೆಸರಿನದು. ಆ ತಾತ್ಕಾಲಿಕವೇ ಎಲ್ಲಕ್ಕಿಂತ ಹಳೆಯದು. ಒಂದೇ ಹೆಸರಿನ ಕಾಲಂ ಬೇರೆ ಬೇರೆ ಕಡೆ ಬೇರೆ ಬೇರೆ ಬಗೆಯಲ್ಲಿ ಇದೆಯೇ? ಇತ್ತು. ಒಂದು ಕಡೆ ತಾರೀಖು ತಾರೀಖಾಗಿತ್ತು, ಇನ್ನೊಂದು ಕಡೆ ಬರಿಯ ಅಕ್ಷರವಾಗಿತ್ತು. ವರ್ಷಗಟ್ಟಲೆ ತಾನು ಪಾತ್ರೆ ತೊಳೆದ ಮನೆಗೆ ಗೋಡೆಯೇ ನೆಟ್ಟಗಿಲ್ಲ ಎಂದು ಅವಳಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು ಅದು.

ಆಮೇಲೆ ಕೇಳಿದಳು. ಯಾವ ಕೊಂಡಿಯೂ ಇಲ್ಲದ ಟೇಬಲ್ ಯಾವುದು? ತಾನು ಯಾರ ಕಡೆಗೂ ಕೈ ಚಾಚದ, ತನ್ನ ಕಡೆಗೆ ಯಾರೂ ಕೈ ಚಾಚದ ಟೇಬಲ್ ಯಾವುದು?

ಹುಡುಕುವವರು ಎಂದು ಬಂತು.

ಅವಳು ಉಳಿದವುಗಳ ಕೊಂಡಿಗಳನ್ನೂ ನೋಡಿದಳು. ಸಿಕ್ಕವರ ಟೇಬಲಿಗೆ ಶಿಬಿರಗಳ ಕೊಂಡಿ ಇತ್ತು, ಊರುಗಳ ಕೊಂಡಿ ಇತ್ತು, ವೈದ್ಯರ ಕೊಂಡಿಯೂ ಇತ್ತು. ಹುಡುಕುವವರದು ಒಂಟಿ. ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಒಂದೇ ರೂಪದ ಕಾಲಮ್ಮುಗಳಿರುವ ಟೇಬಲ್ ಜೋಡಿ ಯಾವುದಾದರೂ ಇದೆಯೇ? ಹೆಸರು, ಊರು, ವಯಸ್ಸು, ಗುರುತು. ಸಿಕ್ಕವರಿಗೂ ಅವೇ, ಹುಡುಕುವವರಿಗೂ ಅವೇ.

ಒಂದೇ ಮನುಷ್ಯಜಾತಿಯನ್ನು ಎರಡು ಕೋಣೆಯಲ್ಲಿ ಕೂಡಿ ಹಾಕಿ, ನಡುವೆ ಬಾಗಿಲು ಇಡುವುದನ್ನು ಮರೆತಿದ್ದರು. ತಾನು ಯಾವ ಕೋಣೆಯಲ್ಲಿದ್ದೇನೆ ಎಂದು ಅವಳು ಯೋಚಿಸಿದಳು. ಅವಳನ್ನು ಯಾವ ಶಿಬಿರವೂ ಹಿಂಬಾಗಿಲಿಗೆ ತಂದು ಇಳಿಸಿರಲಿಲ್ಲ. ಅವಳು ಸಿಕ್ಕವರಲ್ಲಿ ಇರಲಿಲ್ಲ. ಮುಂದಿನ ಕಿಟಕಿಗೆ ತಾನೇ ನಡೆದು ಬಂದವಳು ಅವಳು. ಹಾಗಾದರೆ ಅಕ್ಕ? ಎಮ್ಮೆಯ ಕರುವನ್ನೂ ಬಿಟ್ಟು ಬರಲಾರದ ಅಕ್ಕ, ತಂಗಿಯನ್ನು ಕಳೆದುಕೊಂಡು ಯಾವುದೋ ಶಿಬಿರದಲ್ಲಿ, ಯಾರಾದರೂ ಬಂದು ನನ್ನನ್ನು ಕರೆದೊಯ್ಯಲಿ ಎಂದು ಕೂತಿರುವಳೇ?

ಅಕ್ಕನ ಹೆಸರನ್ನು ಅವಳು ಮೊದಲ ಸಲ ಹುಡುಕುವವರ ಟೇಬಲಿನಲ್ಲಿ ಕೇಳಿದಳು.

ಒಂದು ಸಾಲು ಬಂತು. ಅಕ್ಕನ ಹೆಸರು, ಅವರದೇ ಊರು. ಈಗಿರುವ ವಿಳಾಸ, ಹೊಳೆಯಾಚೆಯ ಒಂದು ಊರಿನ ಖಾನಾವಳಿ. ಯಾರನ್ನು ಹುಡುಕುತ್ತಿದ್ದಾರೆ ಎಂಬ ಕಡೆ ಒಂದೇ ಮಾತು ಇತ್ತು. ಚಿಗರಿ.

ತಂಗಿಗೆ ಇಟ್ಟದ್ದು ಅಜ್ಜಿಯ ಹೆಸರು. ಅತ್ತೆಯ ಹೆಸರನ್ನು ತಾಯಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅದಕ್ಕೆ ಮನೆಯಲ್ಲಿ ಅವಳು ಚಿಗರಿ. ಜಿಂಕೆಯ ಮರಿಯಂತೆ ಒಂದು ಕಡೆ ನಿಲ್ಲದೆ ಓಡುತ್ತಿದ್ದಳಂತೆ. ಆ ಹೆಸರಿನಿಂದ ಅವಳನ್ನು ಕರೆಯುವವರು ಲೋಕದಲ್ಲಿ ಒಬ್ಬರೇ ಉಳಿದಿದ್ದರು. ಆ ಒಬ್ಬರ ಬಾಯಿಗೆ ಅವಳ ಇನ್ನೊಂದು ಹೆಸರು ಎಂದೂ ಬಂದಿರಲಿಲ್ಲ. ಅಷ್ಟು ವರ್ಷ ಅಳದೆ ಇದ್ದವಳು ಕೂತಲ್ಲೇ ಅತ್ತಳು.

ಹೊಳೆ ದಾಟಿ ಆ ಊರಿಗೆ ಹೋದಳು. ಖಾನಾವಳಿಯ ಹಿಂದೆ, ಒಲೆಯ ಮುಂದೆ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ನೆರಳು ಬಿದ್ದದ್ದು ನೋಡಿ, ತಲೆ ಎತ್ತದೆಯೇ ಹೇಳಿದಳು. "ಊಟಕ್ಕ ಇನ್ನಾ ಹೊತ್ತೈತಿ. ಮುಂದ ಕೂಡ್ರವ್ವಾ."

"ಅಕ್ಕಾ, ನಾ ಚಿಗರಿ."

ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಹಿಟ್ಟಿನ ಕೈಯಲ್ಲೇ ಅಕ್ಕ ಅವಳ ಮುಖ ಹಿಡಿದುಕೊಂಡಳು. ಬಿಳಿಗೂದಲು ಮುಟ್ಟಿ ನೋಡಿದಳು. ಅತ್ತು ಮುಗಿದ ಮೇಲೆ ಕೇಳಿದಳು. "ಎಲ್ಲಿದ್ದೆವ್ವಾ ಇಷ್ಟ ವರ್ಷ?"

"ಆ ಕೂಡ್ಸೋ ಮನ್ಯಾಗ ಇದ್ದೆ. ಒಳಗ ಕುಂತು ದಿನಾ ನಿನ್ನ ಹುಡುಕತಿದ್ದೆ."

ಅಕ್ಕ ಮೆಲ್ಲಗೆ ಹೇಳಿದಳು. "ನಾನೂ ಅಲ್ಲಿಗೆ ಬರ್ತಿದ್ದೆ. ಚಿಗರಿ ಅನ್ನಾಕಿ ಸಿಕ್ಕಾಳೇನ್ರಿ ಅಂತ ಕೇಳ್ತಿದ್ದೆ. ಕಿಟಕ್ಯಾಗಿನಾಂವ ಹೇಳ್ತಿದ್ದ, ಒಳಗ ಒಬ್ಬಾಕಿ ಅದಾಳ, ಕಣ್ಣಾಗ ಎಣ್ಣಿ ಹಾಕ್ಕೊಂಡು ಹುಡುಕ್ತಾಳ, ಇದ್ರ ಆಕಿ ಬಿಡಾಕಿಲ್ಲ, ಹೋಗಿ ಬಾ ಯವ್ವಾ, ಅಂತ. ಆಕಿಗೆ ದೇವ್ರು ಒಳ್ಳೇದು ಮಾಡ್ಲಿ ಅಂತ ಗ್ವಾಡಿಗೆ ಕೈಮುಗದು ಹೊಳ್ಳಿ ಬರ್ತಿದ್ದೆ."

ಆ ಗೋಡೆಯ ಈಚೆ ತಂಗಿ ಕೂತಿದ್ದಳು. ಅಕ್ಕ ನಡುಹರೆಯದಿಂದ ಮುಪ್ಪಿಗೆ ಬಂದದ್ದು, ತಂಗಿ ಹುಡುಗಿಯಿಂದ ಹೆಂಗಸಾದದ್ದು, ಒಬ್ಬರಿಗೊಬ್ಬರು ಕಾಣದೆ ಆ ಗೋಡೆಯ ಎರಡು ಬದಿಯಲ್ಲಿ ಆಗಿಹೋಗಿತ್ತು. ಸಿಕ್ಕಿದ್ದೇನೋ ಸಿಕ್ಕಿತು. ಹೋದದ್ದನ್ನು ಯಾವ ಪ್ರಶ್ನೆ ಕೇಳಿ ತರುವುದು?

ತಂಗಿ ಮರಳಿ ಬಂದು ಎರಡು ಟೇಬಲ್ಲುಗಳನ್ನೂ ಒಡೆದಳು. ಜನರು ಎಂಬ ಒಂದೇ ಟೇಬಲ್ ಮಾಡಿದಳು. ಯಾರು ಯಾರನ್ನು ಹುಡುಕುತ್ತಿದ್ದಾರೆ ಎಂಬುದನ್ನು ಅದೇ ಜನರ ನಡುವಿನ ಕೊಂಡಿಯಾಗಿ ಬೇರೆ ಇಟ್ಟಳು. ಒಬ್ಬರನ್ನೊಬ್ಬರು ಹುಡುಕುತ್ತಿರುವವರು ಯಾರು ಯಾರು ಎಂದು ಕೇಳಿದಳು. ಉತ್ತರ ಉದ್ದವಾಗಿ ಬಂತು. ಅಪ್ಪ ಮಗ ಇದ್ದರು, ಗಂಡ ಹೆಂಡತಿ ಇದ್ದರು, ಒಂದೇ ಬೀದಿಯ ಗೆಳತಿಯರಿದ್ದರು. ಅವರಲ್ಲಿ ಕೆಲವರು ಕಿಟಕಿಗೆ ಬರುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಅವಳು ಒಬ್ಬೊಬ್ಬರಿಗೂ ಹೇಳಿ ಕಳುಹಿಸಿದಳು. ಕೆಲವರಿಗೆ ಹೇಳಿ ಕಳುಹಿಸುವ ಹೊತ್ತು ಮೀರಿತ್ತು.

ಮಾಸ್ತರರು ಕತೆ ನಿಲ್ಲಿಸಿದರು.

ನಿಜಗುಣನಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ತಪ್ಪು ಸಾಲುಗಳಲ್ಲಿ ಇರಬೇಕಾಗಿಲ್ಲ, ಸಾಲುಗಳನ್ನು ಕೂರಿಸಿದ ಮನೆಯಲ್ಲೇ ಇರಬಹುದು, ಅದನ್ನು ಆ ಮನೆಯನ್ನೇ ಕೇಳಿ ತಿಳಿಯಬೇಕು. ಅದು ತಿಳಿದ ಮೇಲೂ ಅವನು ಏಳಲಿಲ್ಲ. ಆ ತಂಗಿಯ ಮೇಲೆ ಅವನಿಗೆ ಮರುಕವಾಗಿತ್ತು, ಸ್ವಲ್ಪ ಸಿಟ್ಟೂ ಬಂದಿತ್ತು.

"ಗುರುಗಳೇ, ಆಕೆ ದಡ್ಡಿಯಲ್ಲ. ಆ ಟೇಬಲ್ ಅವಳ ಕೈಗೆಟುಕುವಷ್ಟು ಹತ್ತಿರವಿತ್ತು. ಅಲ್ಲಿಯೂ ಒಮ್ಮೆ ಕೇಳಿ ನೋಡೋಣವೆಂದು ಅಷ್ಟು ವರ್ಷದಲ್ಲಿ ಒಂದು ದಿನವೂ ಅವಳಿಗೆ ಏಕೆ ಹೊಳೆಯಲಿಲ್ಲ?"

ಮಾಸ್ತರರು ಶಿಷ್ಯನ ಮುಖವನ್ನೇ ನೋಡಿದರು. ಉತ್ತರವಾಗಿ ಇನ್ನೊಂದು ಪ್ರಶ್ನೆ ಕೇಳಿದರು.

"ನಿನ್ನನ್ನು ಯಾರು ಹುಡುಕುತ್ತಿದ್ದಾರೆ ಎಂದು ನೀನು ಎಂದಾದರೂ ಕೇಳಿದ್ದೀಯಾ, ನಿಜಗುಣ?"